ಸಂಪಾದಕರ ಉತ್ತರ: ಅವ್ವನ ಟೈಂಟೇಬಲ್ ಅವ್ವನೇ ಹೇಳಲಿ

ಆಳಂದ ತಾಲೂಕಿನ ಸೋದರಿಗೆ,

ನಿಮ್ಮ ಪತ್ರ ಓದಿದೆ. ಅವ್ವನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲಿನ ಶಕ್ತಿ ಹೋಗಿದೆ. ಮಾತು ತಡವರಿಸುತ್ತದೆ, ಆದರೆ ಎಲ್ಲ ತಿಳಿಯುತ್ತದೆ. ಬೆಂಗಳೂರಿನ ಅಣ್ಣ ದುಡ್ಡಿನ ಜೊತೆ ಟೈಂಟೇಬಲ್ಲೂ ಕಳಿಸಿದ್ದಾರೆ: 8ಕ್ಕೆ ಓಟ್ಸ್ ಗಂಜಿ, 11ಕ್ಕೆ ಆಯಾ ಬಂದು ಸ್ನಾನ, ದಿನವಿಡೀ ನೈಟಿ, ಡೈಪರ್. ಅವ್ವ ಬೆಳಿಗ್ಗೆ ಬಾಯಿಯೇ ತೆರೆಯುವುದಿಲ್ಲ. ಈ ಹಟ ಬಿಡಿಸುವುದು ಹೇಗೆ ಅಂತ ಕೇಳಿದ್ದೀರಿ.

ನನಗದು ಹಟ ಅನ್ನಿಸಲಿಲ್ಲ. ಅವ್ವ ಒಂದು ದಿನವೂ ಲಿಂಗಪೂಜೆ ತಪ್ಪಿಸಿದವರಲ್ಲ ಅಂತ ಪತ್ರದ ಕೊನೆಗೆ ಸುಮ್ನೆ ಬರೆದಿದ್ದೀರಿ ನೋಡಿ, ವಿಷಯ ಅಲ್ಲಿದೆ. ಮೈಗೆ ನೀರು ಬೀಳದೆ, ಪೂಜೆ ಆಗದೆ ಅವರು ಗಂಜಿ ಕುಡಿದಾರೆಯೇ? ಆಯಾಗೆ ಏಳಕ್ಕೇ ಬರಲು ಹೇಳಿ. ಆಗದಿದ್ದರೆ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿದರೆ ನಡೆಯುತ್ತದೆಯೇ ಅಂತ ಅವ್ವನನ್ನೇ ಕೇಳಿ. ಇಷ್ಟಲಿಂಗ ಹಿಡಿಯುವುದು ಎಡಗೈಯಲ್ಲೇ ಅಲ್ವಾ? ಆ ಕೈ ಗಟ್ಟಿ ಇದೆ. ವಿಭೂತಿ, ಪತ್ರೆಗೆ ನೀವು ಪಕ್ಕದಲ್ಲಿ ಕೂತರಾಯಿತು. ಗುಳಿಗೆಗಳ ಹೊತ್ತು ಬದಲಾಗುವುದಾದರೆ ಮಾತ್ರ ಡಾಕ್ಟರಿಗೆ ತಿಳಿಸಿ.

ಕೇಳುವುದಕ್ಕೂ ಒಂದು ರೀತಿ ಇದೆ. ಬಲಭಾಗಕ್ಕೆ ಲಕ್ವಾ ಹೊಡೆದವರಲ್ಲಿ ಎಷ್ಟೋ ಜನರಿಗೆ ಮಾತು ಸಿಗುವುದು ತಡ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಕಾಯಿರಿ. ಸೀರೆ, ನೈಟಿ ಎರಡನ್ನೂ ಮುಂದೆ ಹಿಡಿಯಿರಿ, ಕೈ ತೋರಿಸುತ್ತಾರೆ. ಸೀರೆಯೇ ಬೇಕೆಂದರೆ ಸಡಿಲ ಕುಪ್ಪಸ ಹೊಲಿಸಿ. ತೊಡಿಸುವಾಗ ಸೋತ ಕೈ ಮೊದಲು, ಬಿಚ್ಚುವಾಗ ಆ ಕೈ ಕೊನೆಗೆ. ಡೈಪರ್ ಮಾತೂ ಹೀಗೆಯೇ. ಮಂಚದ ಪಕ್ಕ ಕಮೋಡ್ ಕುರ್ಚಿ ಇಟ್ಟು, ಹೊತ್ತುಹೊತ್ತಿಗೆ ಕೂರಿಸಿದರೆ ಹಗಲು ಅದರ ಗೊಡವೆ ಬೇಡವಾಗಬಹುದು. ಆಯಾಗೆ ಕೆಲಸ ಜಾಸ್ತಿ, ನಿಜ. ಅದಕ್ಕೆ ತಕ್ಕ ಸಂಬಳವನ್ನು ಅಣ್ಣ ಕೊಡಲಿ!

ಅವ್ವ ಕೇಳುವ ಜೋಳದ ರೊಟ್ಟಿ ಬೇಡ ಅನ್ನುತ್ತಾರೆ ಅಣ್ಣ. ಈ ವಿಷಯದಲ್ಲಿ ಮಾತ್ರ ನಾನು ಅಣ್ಣನ ಕಡೆ, ಅದೂ ಅರ್ಧ. ನೀರು ಕುಡಿಯುವಾಗ ಕೆಮ್ಮು ಬರುತ್ತದೆ ಅಂದಿದ್ದೀರಿ. ನುಂಗುವ ಶಕ್ತಿ ಕುಗ್ಗಿದೆಯೇ ಅಂತ ಮೊದಲು ಪರೀಕ್ಷೆ ಮಾಡಿಸಿ. ಇಲ್ಲದಿದ್ದರೆ ಅನ್ನನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದೀತು. ಡಾಕ್ಟರು ಒಪ್ಪಿದರೆ ರೊಟ್ಟಿಯನ್ನು ಬೇಳೆಯಲ್ಲಿ ಚೆನ್ನಾಗಿ ನೆನೆಸಿ, ಕಿವುಚಿ ಕೊಡಿ. ಓಟ್ಸೇ ಆಗಬೇಕೆಂದು ಯಾವ ಡಾಕ್ಟರೂ ಹೇಳಿಲ್ಲವಲ್ಲ!

"ನನಗೆ ನಳಿಗೆ ಹಾಕಬ್ಯಾಡ್ರಿ" ಎಂಬ ಅವ್ವನ ಮಾತಿಗೆ ಅಣ್ಣ ಸಿಟ್ಟಾದರಂತೆ. ಸಿಟ್ಟಾಗುವ ಬದಲು ಯಾವ ನಳಿಗೆ (ಊಟದ್ದೋ, ಉಸಿರಿನದೋ), ಯಾವಾಗ ಬೇಡ ಅಂತ ಡಾಕ್ಟರ ಎದುರು ಕೂತು ಬಿಡಿಸಿ ಕೇಳಬೇಕಿತ್ತು. ಚೇತರಿಸಿಕೊಳ್ಳುವವರೆಗಿನ ನಳಿಗೆ ಬೇರೆ, ವಾಸಿಯಾಗುವ ಆಸೆಯೇ ಇಲ್ಲದಾಗ ಹಾಕುವುದು ಬೇರೆ. ಕೊನೆಗಾಲದ ಚಿಕಿತ್ಸೆ ಎಷ್ಟು ಬೇಕು ಅಂತ ಮುಂಚೆಯೇ ಬರೆದಿಡುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದೆ, 2023ರಲ್ಲಿ ನಿಯಮ ಸಡಿಲಿಸಿದೆ. ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ತನ್ನ ಪರವಾಗಿ ಮಾತಾಡುವವರ ಹೆಸರನ್ನೂ ಅವ್ವ ಅದರಲ್ಲಿ ಬರೆಸಬಹುದು, ಮನಸ್ಸು ಬದಲಾದರೆ ಹಿಂತೆಗೆದುಕೊಳ್ಳಬಹುದು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಈ ಬಗ್ಗೆ ಆದೇಶ ಹೊರಡಿಸಿದೆ. ಬುದ್ಧಿ ಚುರುಕಾಗಿರುವಾಗಲೇ ಆಗಬೇಕಾದ ಕೆಲಸ ಇದು, ತಡ ಮಾಡಬೇಡಿ.

ಹೊಸ ಟೈಂಟೇಬಲ್ ಬರೆದು ಅಣ್ಣನಿಗೂ ಕಳಿಸಿ. ತಕರಾರು ತೆಗೆದು ಅವರು ಫೋನ್ ಮಾಡಿದರೆ ನೀವು ವಾದಕ್ಕೆ ಇಳಿಯಬೇಡಿ, ಫೋನನ್ನು ಅವ್ವನಿಗೇ ಕೊಡಿ.

— ಸಂ.