ಆಫೀಸಿನಲ್ಲಿ ಓಡುವ ಸರ್ವರ್ ಬ್ಯಾಡಗಿಯಲ್ಲಿ ಯಾಕೆ ಕ್ರ್ಯಾಶ್ ಆಗುತ್ತದೆ?

ನಿಮ್ಮ ಪ್ರಶ್ನೆ ಇಷ್ಟು: ಬ್ಯಾಡಗಿ ಮಾರ್ಕೆಟ್‌ನ ತೂಕದ ಯಂತ್ರಗಳು ಟಿಸಿಪಿಯಲ್ಲಿ (ನೆಟ್‌ವರ್ಕ್‌ನಲ್ಲಿ ಡೇಟಾ ಸಾಗಿಸುವ ವಿಧಾನ) ಮೆಸೇಜ್ ಕಳಿಸುತ್ತವೆ. ಸಿ ಭಾಷೆಯ ನಿಮ್ಮ ಸರ್ವರ್ ಹುಬ್ಬಳ್ಳಿ ಆಫೀಸಿನ ಟೆಸ್ಟಿನಲ್ಲಿ ಸರಿಯಾಗಿ ಓಡುತ್ತದೆ. ಮಾರ್ಕೆಟ್‌ಗೆ ಹಾಕಿದರೆ ಒಂದೆರಡು ತಾಸಿಗೆ ಫ್ರೀ ಮಾಡುವ, ಅಂದರೆ ಪಡೆದ ಮೆಮೊರಿಯನ್ನು ವಾಪಸ್ ಕೊಡುವ, ಸಾಲಿನಲ್ಲಿ ಕ್ರ್ಯಾಶ್.

ಆ ಸಾಲಿನಲ್ಲಿ ತಪ್ಪು ಹುಡುಕಬೇಡಿ. ತಪ್ಪು ಮೊದಲೇ ಆಗಿದೆ.

ನೀವು ಹಾಕಿದ ಸ್ಟ್ರಕ್ಟ್ (ಹಲವು ಫೀಲ್ಡ್‌ಗಳನ್ನು ಮೆಮೊರಿಯಲ್ಲಿ ಒಟ್ಟಿಗಿಡುವ ಕಟ್ಟು) ನೋಡ್ರಿ. ಬಂದ ಡೇಟಾ ಇಡಲು 256 ಬೈಟ್‌ಗಳ ಬಫರ್, ಅದರ ಬೆನ್ನಿಗೇ ಒಂದು ಪಾಯಿಂಟರ್, ಅಂದರೆ ನೀವು ಆಮೇಲೆ ಫ್ರೀ ಮಾಡುವ ಮೆಮೊರಿಯ ವಿಳಾಸ. ನೆಟ್‌ವರ್ಕ್‌ನಿಂದ ಬೈಟ್ ಓದುವ ರಿಸೀವ್ ಫಂಕ್ಷನ್‌ಗೆ ಮಿತಿಯಾಗಿ ಪೂರ್ತಿ 256 ಕೊಟ್ಟಿದ್ದೀರಿ. ಬಂದ ಬೈಟ್‌ಗಳ ಕೊನೆಗೆ ಸ್ಟ್ರಿಂಗ್ ಮುಗಿಸಲು ಸೊನ್ನೆ ಬೇರೆ ಇಡುತ್ತೀರಿ. 60 ಬೈಟ್ ಬಂದಾಗ ತೊಂದರೆ ಇಲ್ಲ. 256 ತುಂಬಿ ಬಂದರೆ ಆ ಸೊನ್ನೆ ಬೀಳುವುದು ಪಾಯಿಂಟರ್‌ನ ಮೊದಲ ಬೈಟ್ ಮೇಲೆ. ಇಂಟೆಲ್ ಮಷಿನ್‌ನಲ್ಲಿ ಅದು ವಿಳಾಸದ ಕೊನೆಯ ಎರಡು ಹೆಕ್ಸ್ ಅಂಕಿ. 3470 ಎಂದು ಮುಗಿಯುತ್ತಿದ್ದ ವಿಳಾಸ 3400 ಆಗುತ್ತದೆ. ಫ್ರೀ ಅದನ್ನು ನಂಬಿ ಕೆಡುತ್ತದೆ.

ಆಫೀಸಿನಲ್ಲಿ ಮೆಸೇಜ್ ಒಂದೊಂದಾಗಿ ಬರುತ್ತವೆ, ಅದಕ್ಕೇ ಬಫರ್ ತುಂಬುವುದೇ ಇಲ್ಲ. ಮಾರ್ಕೆಟ್‌ನಲ್ಲಿ ಸಿಮ್ ನೆಟ್‌ವರ್ಕ್ ಸ್ವಲ್ಪ ಹೊತ್ತು ಹೋಗಿ ಬಂದರೆ ಐದಾರು ಚೀಲಗಳ ತೂಕ ಒಟ್ಟಿಗೇ ನುಗ್ಗುತ್ತದೆ. ಟಿಸಿಪಿಗೆ ಮೆಸೇಜ್ ಅನ್ನೋದೇ ಗೊತ್ತಿಲ್ಲ, ಬರೀ ಬೈಟ್‌ಗಳು.

ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್ ಕೂಡ ಫ್ರೀ ಸಾಲನ್ನೇ ತೋರಿಸಿತು ಅಂದಿರಿ. ತೋರಿಸಲೇಬೇಕು. ಅದು ಬೇರೆ ಬೇರೆ ಬ್ಲಾಕ್‌ಗಳ ನಡುವೆ ಕಾವಲಿಡುತ್ತದೆ, ಒಂದೇ ಸ್ಟ್ರಕ್ಟ್ ಒಳಗಿನ ಎರಡು ಫೀಲ್ಡ್‌ಗಳ ನಡುವೆ ಅಲ್ಲ. ಅಂಥದ್ದೇ ಇನ್ನೊಂದು ಟೂಲ್ ವ್ಯಾಲ್‌ಗ್ರಿಂಡ್ ಕೂಡ ಇಲ್ಲಿ ಜಾಸ್ತಿ ಹೇಳಲ್ಲ. ಕಂಪೈಲರ್‌ನಲ್ಲೇ ಇರುವ ಅನ್‌ಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಜರ್‌ನ ಬೌಂಡ್ಸ್ ಚೆಕ್ (ಅರೇ ದಾಟಿತೇ ಎಂಬ ತಪಾಸಣೆ) ಆನ್ ಮಾಡಿ. ಅರೇ ಅಳತೆ ಕಂಪೈಲರ್‌ಗೆ ಗೊತ್ತಿರುವುದರಿಂದ ಸೊನ್ನೆ ಬರೆಯುವ ಸಾಲನ್ನೇ ಬೆರಳಿಟ್ಟು ತೋರಿಸುತ್ತದೆ. ಜಿಡಿಬಿ ಡಿಬಗರ್‌ನಲ್ಲಿ ಆ ಪಾಯಿಂಟರ್ ಮೇಲೆ ವಾಚ್‌ಪಾಯಿಂಟ್ (ಬೆಲೆ ಬದಲಾದ ಕೂಡಲೇ ಪ್ರೋಗ್ರಾಮ್ ನಿಲ್ಲಿಸುವ ಗುರುತು) ಇಟ್ಟರೂ ಆಯ್ತು.

ಇದನ್ನು ಟೆಸ್ಟ್ ಮಾಡಲು ಸುಮ್ನೆ ಬ್ಯಾಡಗಿಗೆ ಓಡಾಡಬೇಡಿ. ಪೈಥಾನ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದು ಹತ್ತು ಮೆಸೇಜ್ ಒಂದೇ ಸಲ ಕಳಿಸಿ. ಆಮೇಲೆ ಒಂದೇ ಮೆಸೇಜನ್ನು ಒಂದೊಂದು ಬೈಟಾಗಿ, ನಡುವೆ ತಡ ಮಾಡಿ ಕಳಿಸಿ.

ರಿಸೀವ್‌ಗೆ 255 ಕೊಟ್ಟರೆ ಕ್ರ್ಯಾಶ್ ನಿಲ್ಲುತ್ತದೆ. ಅಷ್ಟಕ್ಕೇ ಬಿಟ್ಟರೆ ಅರ್ಧಕ್ಕೆ ಕತ್ತರಿಸಿದ ಮೆಸೇಜ್ ಒಳಗೆ ಹೋಗುತ್ತದೆ, ಒಬ್ಬ ರೈತನ ತೂಕ ಇನ್ನೊಬ್ಬನ ಲೆಕ್ಕಕ್ಕೆ ಬಿದ್ದರೂ ಬಿತ್ತು. ನನ್ನ ಕೇಳಿದರೆ ಕ್ರ್ಯಾಶೇ ವಾಸಿ. ನಿಮ್ಮ ಮೆಸೇಜ್ ನ್ಯೂಲೈನ್‌ಗೆ (ಸಾಲು ಮುಗಿಸುವ ಅಕ್ಷರ) ಮುಗಿಯುತ್ತದೆ ಅಲ್ವಾ? ಅದು ಸಿಗುವ ತನಕ ಬೈಟ್ ಕೂಡಿಸಿ, ಮಿಕ್ಕಿದ್ದನ್ನು ಬಫರ್‌ನ ಮೊದಲಿಗೆ ಸರಿಸಿ. ಬಫರ್ ತುಂಬಿದರೂ ನ್ಯೂಲೈನ್ ಸಿಗದಿದ್ದರೆ ಕನೆಕ್ಷನ್ ಮುಚ್ಚಿಬಿಡಿ. ಎರರ್ ಆದಾಗ ರಿಸೀವ್ ಮೈನಸ್ 1 ಕೊಡುವುದನ್ನೂ ನೀವು ನೋಡಿಲ್ಲ. ಆಗ ಸೊನ್ನೆ ಬಫರ್‌ಗಿಂತ ಹಿಂದಿನ ಬೈಟ್‌ಗೆ ಬೀಳುತ್ತದೆ.