ಹಂಡೆ ಒಲಿ ಹೊಗಿ, ಖೋಲ್ಯಾಗಿನ ಶಗಡಿ

ಪ್ರಶ್ನೆ: ಥಂಡಿ ಶುರು ಆತಂದ್ರ ನಮ್ಮ ಅತ್ತಿಯವರು ಮುಂಜಾನೆ ಐದಕ್ಕ ಹಿತ್ತಲದಾಗ ಹಂಡೆ ಒಲಿ ಹಚ್ಚತಾರ್ರೀ, ಓಣಿ ತುಂಬ ಹೊಗಿ. ರಾತ್ರಿ ಶಗಡ್ಯಾಗ ಕೆಂಡ ಹಾಕಿ ಮಲಗೋ ಖೋಲ್ಯಾಗ ಇಟ್ಟು ಬಾಗಲಾ ಹಾಕ್ಕೋತಾರ, ಮಗ್ಗಲದಾಗ ನನ್ನ ಸಣ್ಣ ಮಗ ಮಲಗಿರತಾನ. ಕೇಳಿದ್ರ 'ನಾವೆಲ್ಲ ಹಿಂಗ ಬೆಳದೀವಿ, ಕೆಂಡಕ್ಕಂತೂ ಹೊಗಿನ ಇಲ್ಲ' ಅಂತಾರ. ಏನ್ ಹೇಳ್ಲಿ?
– ಓದುಗರೊಬ್ಬರು, ಶಹಾಪುರ, ಬೆಳಗಾವಿ

ಉತ್ತರ: ಅಕ್ಕಾರ, ಮೊದಲ ಆ ಶಗಡಿ ಇವತ್ತ ರಾತ್ರಿಯಿಂದನ ಹೊರಗ ಇಡ್ರಿ, ಓಣಿ ಹೊಗಿ ಮಾತು ಆಮ್ಯಾಲ. ಕೆಂಡಕ್ಕ ಹೊಗಿ ಇಲ್ಲ ಅನ್ನೋದು ಖರೆ, ಆದ್ರ ಅಂಜಬೇಕಾದ್ದೂ ಅದಕ್ಕನ. ಅದರಿಂದ ಬರೋ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ ವಾಸನಿ ಇಲ್ಲ, ಕೆಮ್ಮಿಸಿ ಎಬ್ಬಸೂದೂ ಇಲ್ಲ, ನಮ್ಮ ರಕ್ತದಾಗಿನ ಹಿಮೋಗ್ಲೋಬಿನ್ ಆಕ್ಸಿಜನ್‌ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನ ಹಿಡಕೋತೈತಿ, ಹಿಂಗಾಗಿ ಮೈಗೆ ಆಕ್ಸಿಜನ್ ಸಾಲದ ಮಲಗಿದವರು ಮಲಗಿದಲ್ಲೇ ಹೋಗಿಬಿಡತಾರ. ಕೆಂಡ ಇಟ್ಟ ಖೋಲ್ಯಾಗ ತಲಿ ಭಾರ, ವಾಕರಿಕಿ ಅನಿಸಿದ್ರ ಎಲ್ಲಾರೂ ಹೊರಗ ಬಂದು ಸೀದಾ ದವಾಖಾನಿಗೆ ಹೋಗ್ರಿ. ಕಿಡಕಿ ಒಂಚೂರು ತಗದೀವಿ ಅನ್ನೋದನ್ನ ನಂಬಿ ಮಲಗಬ್ಯಾಡ್ರಿ. ದಪ್ಪನ್ನ ಕೌದಿ ಸಾಕು.

ಇನ್ನ ಹಂಡೆ ಒಲಿ. ಥಂಡಿ ದಿನ ಗಾಳಿ ಇಲ್ಲದ ರಾತ್ರಿ ನೆಲ ತಣ್ಣಗಾಗಿ ಥಂಡಿ ಗಾಳಿ ಕೆಳಗ ಕುಂದರತೈತಿ, ಮ್ಯಾಲಿನ ಬೆಚ್ಚಗಿನ ಗಾಳಿ ಗಡಿಗಿಗೆ ಮುಚ್ಚಳ ಇಟ್ಟಂಗ ಆಗತೈತಿ, ಹೊಗಿ ಮ್ಯಾಲ ಏರಂಗಿಲ್ಲ. ಬಿಸಲ ಬಿದ್ದಮ್ಯಾಲ ಬಿಡತೈತಿ. ಅದಕ್ಕ ಐದರ ಬದಲಿ ಏಳೂವರಿ ಎಂಟಕ್ಕ ಒಲಿ ಹಚ್ಚಿದ್ರ ಓಣಿಗೆ ಎಷ್ಟೋ ಚಲೋ, ಸಾಲಿಗೆ ಹೋಗೋರು ಇದ್ದ ಮನ್ಯಾಗ ಕಷ್ಟ, ಗೊತ್ತೈತಿ.

ಅತ್ತಿಯವರಿಗೆ ಬಂದ್ ಮಾಡ್ರಿ ಅಂದ್ರ ಮಾಡಂಗಿಲ್ಲ ಬಿಡ್ರಿ, ಕಟಗಿ ಬದಲಸ್ರಿ. ಹಸಿ ಕಟಗಿ ಉರದ್ರ ಬೆಂಕಿ ಕಾವಿನ ಒಂದು ಪಾಲು ಅದರಾಗಿನ ನೀರು ಆರಸೂದಕ್ಕ ಹೋಗತೈತಿ, ಬೆಂಕಿ ಸರಿ ಹತ್ತದ ಹೊಗಿ ಹೆಚ್ಚಾಗತೈತಿ. ಇಂಗ್ಲೆಂಡಿನ್ಯಾಗೂ ಮನಿ ಬೆಚ್ಚಗ ಮಾಡ್ಲಿಕ್ಕೆ ಕಟಗಿ ಸುಡತಾರ, ಅಲ್ಲಿ 2021ರಿಂದ ಚಿಲ್ಲರೆ ಮಾರೋ ಕಟಗ್ಯಾಗ ನೀರಿನಂಶ 20 ಪರ್ಸೆಂಟ್ ಮೀರಬಾರದು ಅಂತ ಕಾನೂನ ಮಾಡ್ಯಾರ. ನೀವು ಬ್ಯಾಸಗ್ಯಾಗ ಸಣ್ಣಗ ಸೀಳಿಸಿ ತಗಡಿನ ಕೆಳಗ ಒಟ್ಟರಿ. ಪ್ಲೈವುಡ್ ಚೂರು, ಪಾಲಿಶ್ ಹಚ್ಚಿದ ಫರ್ನಿಚರ್, ಹೊತ್ತಸಲಿಕ್ಕೆ ಪ್ಲಾಸ್ಟಿಕ್ ಚೀಲ ಸೈಕಲ್ ಟ್ಯೂಬು ಇವೆಲ್ಲ ಒಲಿ ಕಡೆ ಸುಳೀಬಾರದು (ಟ್ಯೂಬ್ ಹಾಕೋ ಚಟ ನಮ್ಮ ಕಡೆ ಭಾಳ ಮಂದಿಗೈತಿ).

'ಹಿಂಗ ಬೆಳದೀವಿ' ಅನ್ನೋ ಮಾತಿಗೆ ಒಂದ ಕೇಳ್ರಿ, ಬೀಡಿ ಮುಟ್ಟದ ಎಷ್ಟೋ ಮುದಕ್ಯಾರಿಗೆ ದಮ್ಮು ಯಾಕ ಹತ್ತೈತಿ? ಹೊಗ್ಯಾಗಿನ ಪಿಎಂ 2.5 ಅನ್ನೋ ಸಣ್ಣ ಕಣ ಶ್ವಾಸಕೋಶದ ತಳಕ್ಕ ಹೋಗತಾವ. ದಿನದ ಸರಾಸರಿ ಒಂದು ಘನಮೀಟರ್ ಗಾಳ್ಯಾಗ 15 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯೂಎಚ್‌ಒ) 2021ರಾಗ ಹೇಳೈತಿ, ನಮ್ಮ ದೇಶದ ಮಿತಿನ 60.

ಪ್ರಶ್ನೆ: ಕಟಗಿ ಬಿಟ್ಟು ಕುಳ್ಳು ಹಾಕಿದ್ರ ಹೊಗಿ ಕಡಿಮಿ ಆಗತೈತೇನ್ರೀ?
– ಮುಧೋಳದಿಂದ ಒಬ್ಬರು

ಉತ್ತರ: ಇಲ್ರಿ, ಜಾಸ್ತಿನ ಆಗತೈತಿ. ಕುಳ್ಳು ತಿಪ್ಪಿಗೆ ಹಾಕ್ರಿ, ಹೊಲಕ್ಕರ ಆಗತೈತಿ. ಮಾಳಗಿ ಮ್ಯಾಲ ಜಾಗಾ ಇದ್ರ ನೀರು ಕಾಸೋ ಸೋಲಾರ್ ಕೂಡಸ್ರಿ, ನಮ್ಮ ಬಿಸಲಿಗೇನ್ ಬರ ಇಲ್ಲ.