ಐಫೋನ್ 15, ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24: ಪಟ್ಟಿಯಲ್ಲಿ ಐಫೋನೇ ಹಿಂದಿದೆ, ನಿಜಕ್ಕೂ ಹಾಗೇನಾ?

ನಿಮ್ಮ ಪ್ರಶ್ನೆ ಓದಿದೆ. ಮೂರೂ ಫೋನ್‌ಗಳ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದ್ದೀರಿ. ರ‍್ಯಾಮ್ ಐಫೋನ್ 15ರಲ್ಲಿ 6 ಜಿಬಿ, ಉಳಿದ ಎರಡರಲ್ಲೂ 8. ಬ್ಯಾಟರಿ ಐಫೋನ್‌ನಲ್ಲಿ 3349, ಗ್ಯಾಲಕ್ಸಿ ಎಸ್24ರಲ್ಲಿ 4000, ಪಿಕ್ಸೆಲ್ 8ರಲ್ಲಿ 4575 ಎಂಎಎಚ್. ಕ್ಯಾಮೆರಾ 48, 50, 50 ಮೆಗಾಪಿಕ್ಸೆಲ್. 'ಎಲ್ಲದರಲ್ಲೂ ಐಫೋನೇ ಕಮ್ಮಿ, ಮತ್ತೆ ಅದಕ್ಕೆ ಯಾಕೆ ಅಷ್ಟು ದುಡ್ಡು?' ಅಂತ ಕೇಳಿದ್ದೀರಿ. ಜೊತೆಗೆ ನಿಮಗೆ ಬೇಕಿರುವುದನ್ನೂ ಹೇಳಿದ್ದೀರಿ: ಎರಡು ಸಿಮ್, ಸಂಜೆ ಮನೆಯಲ್ಲಿ ಮಕ್ಕಳ ಫೋಟೋ, ಸ್ಕೂಲ್ ಡೇ ದಿನ ಹಿಂದಿನ ಸಾಲಿನಿಂದ ವೇದಿಕೆಯ ವಿಡಿಯೋ. ಅದನ್ನು ಹೇಳಿದ್ದು ಒಳ್ಳೆಯದಾಯಿತು. ಅದಿಲ್ಲದಿದ್ದರೆ ಈ ಪ್ರಶ್ನೆಗೆ ಉತ್ತರವೇ ಇಲ್ಲ.

ನನ್ನ ಅಭಿಪ್ರಾಯ ಇಷ್ಟು. ನೀವು ನೋಡಿದ ಅಂಕಿಗಳೆಲ್ಲ ಸರಿಯಾಗಿಯೇ ಇವೆ. ಆದರೆ ನಿಮ್ಮ ಕೆಲಸಕ್ಕೆ ಬೇಕಾದ ಅಂಕಿಗಳು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಮೊದಲು ಕ್ಯಾಮೆರಾ ನೋಡೋಣ, ನಿಮಗೆ ಮುಖ್ಯವಾದದ್ದು ಅದೇ ಅಲ್ವಾ? 48 ಮತ್ತು 50ರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಏನೂ ಇಲ್ಲ. ಕೇಳಬೇಕಾದದ್ದು ಬೆಳಕು ಹಿಡಿಯುವ ಸೆನ್ಸರ್ ಎಷ್ಟು ದೊಡ್ಡದು ಅಂತ. ಐಫೋನ್ 15 ಮತ್ತು ಎಸ್24, ಎರಡರ ಮುಖ್ಯ ಕ್ಯಾಮೆರಾದಲ್ಲೂ 1/1.56 ಇಂಚಿನ ಸೆನ್ಸರ್ ಇದೆ. ಪಿಕ್ಸೆಲ್ 8ರಲ್ಲಿ 1/1.31 ಇಂಚು. ಕೆಳಗಿನ ಅಂಕಿ ಚಿಕ್ಕದಾದಷ್ಟೂ ಸೆನ್ಸರ್ ದೊಡ್ಡದು. ಲೆಕ್ಕ ಹಾಕಿದರೆ ಪಿಕ್ಸೆಲ್‌ನ ಸೆನ್ಸರ್‌ಗೆ ಸುಮಾರು ಶೇ. 40ರಷ್ಟು ಹೆಚ್ಚು ಜಾಗ ಸಿಗುತ್ತದೆ. ಮನೆಯೊಳಗೆ ಒಂದೇ ಟ್ಯೂಬ್‌ಲೈಟ್ ಬೆಳಕಿನಲ್ಲಿ ಮಗು ಓಡಾಡುತ್ತಿರುತ್ತದೆ ಅಂದುಕೊಳ್ಳಿ. ಬೆಳಕು ಸಾಲದಿದ್ದರೆ ಫೋನ್ ಶಟರನ್ನು ಜಾಸ್ತಿ ಹೊತ್ತು ತೆರೆದಿಡಬೇಕು. ಅಷ್ಟರಲ್ಲಿ ಮಗು ಕೈ ಬೀಸಿರುತ್ತದೆ, ಫೋಟೋದಲ್ಲಿ ಕೈ ಮಸುಕಾಗುತ್ತದೆ. ಸೆನ್ಸರ್ ದೊಡ್ಡದಿದ್ದರೆ ಅಷ್ಟೇ ಬೆಳಕನ್ನು ಬೇಗ ಹಿಡಿಯಬಹುದು. ಹಾಗಾಗಿ ಸಂಜೆಯ ಮಕ್ಕಳ ಫೋಟೋಗೆ ಪಿಕ್ಸೆಲ್‌ ಕೈಯೇ ಮೇಲು. ಅದರ ಅಲ್ಟ್ರಾವೈಡ್ (ಅಗಲದ ನೋಟ ಹಿಡಿಯುವ) ಕ್ಯಾಮೆರಾಗೆ ಆಟೋಫೋಕಸ್ ಕೂಡ ಇದೆ, ಹೂವನ್ನೋ ಎಳೆ ಮಗುವಿನ ಬೆರಳನ್ನೋ ತೀರಾ ಹತ್ತಿರದಿಂದ ತೆಗೆಯಬಹುದು. ಉಳಿದ ಎರಡರ ಅಲ್ಟ್ರಾವೈಡ್‌ಗೆ ಅದಿಲ್ಲ.

ಸ್ಕೂಲ್ ಡೇ ಕಥೆಯೇ ಬೇರೆ. ಅಲ್ಲಿ ದೂರ ಜಾಸ್ತಿ, ಆದರೆ ವೇದಿಕೆ ಮೇಲೆ ಬೆಳಕು ಚೆನ್ನಾಗಿರುತ್ತದೆ. ಈ ಮೂರರಲ್ಲಿ ಪ್ರತ್ಯೇಕ ಟೆಲಿ ಕ್ಯಾಮೆರಾ ಇರುವುದು ಎಸ್24ರಲ್ಲಿ ಮಾತ್ರ: 10 ಮೆಗಾಪಿಕ್ಸೆಲ್, 3 ಪಟ್ಟು ಜೂಮ್, ಕೈ ನಡುಗಿದರೆ ಸರಿದೂಗಿಸುವ ಓಐಎಸ್ ಕೂಡ ಇದೆ. ಐಫೋನ್ 15 ಮತ್ತು ಪಿಕ್ಸೆಲ್ 8 ಮುಖ್ಯ ಸೆನ್ಸರ್‌ನ ನಡುಭಾಗವನ್ನು ಕತ್ತರಿಸಿ ಕೊಡುತ್ತವೆ. 2 ಪಟ್ಟಿನವರೆಗೆ ಅದು ನಿಜಕ್ಕೂ ಚೆನ್ನಾಗಿರುತ್ತದೆ. ಅದರಿಂದ ಆಚೆ ಸಾಫ್ಟ್‌ವೇರ್ ಏನು ಮಾಡುತ್ತದೋ ಅದೇ.

ಒಂದು ವಿಷಯ ಮಾತ್ರ ತಿಳಿದಿರಲಿ. ಆ ಟೆಲಿ ಸೆನ್ಸರ್ ತುಂಬಾ ಸಣ್ಣದು, 1/3.94 ಇಂಚು. ಬೆಳಕು ಕಮ್ಮಿ ಇದ್ದಾಗ ಇಂಥ ಫೋನ್‌ಗಳು ಟೆಲಿಯನ್ನು ಬಿಟ್ಟು ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಹಿಗ್ಗಿಸಿ ಕೊಡುವುದುಂಟು, ನಿಮಗೆ ಹೇಳುವುದೂ ಇಲ್ಲ. ಅಂಗಡಿಯಲ್ಲೇ ಪರೀಕ್ಷೆ ಮಾಡಿ ನೋಡಬಹುದು. ಕ್ಯಾಮೆರಾ ತೆರೆದು 3 ಪಟ್ಟು ಜೂಮ್ ಮಾಡಿ. ಹಿಂದಿನ ಲೆನ್ಸ್‌ಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚಿ. ಯಾವುದನ್ನು ಮುಚ್ಚಿದಾಗ ಪರದೆ ಕಪ್ಪಾಗುತ್ತದೋ ಆಗ ಕೆಲಸ ಮಾಡುತ್ತಿರುವುದು ಆ ಲೆನ್ಸ್. ಮೊದಲು ಅಂಗಡಿಯ ಬೆಳಕಿನಲ್ಲಿ ನೋಡಿ, ಆಮೇಲೆ ಮೇಜಿನ ಕೆಳಗಿನ ಕತ್ತಲಿಗೆ ಹಿಡಿದು ನೋಡಿ. ಯಾವ ಫೋನ್ ಕೊಳ್ಳುವಾಗಲೂ ನಾನು ಇದನ್ನು ಮಾಡಿಯೇ ಮಾಡುತ್ತೇನೆ.

ಇನ್ನು ನೀವು ಕೇಳಿದ ರ‍್ಯಾಮ್ ಮತ್ತು ಬ್ಯಾಟರಿ. ಆ 6 ಜಿಬಿಯನ್ನಾಗಲಿ 3349 ಅನ್ನಾಗಲಿ ಆಪಲ್ ತನ್ನ ಪಟ್ಟಿಯಲ್ಲಿ ಹಾಕುವುದೇ ಇಲ್ಲ. ಅವೆಲ್ಲ ಹೊರಗಿನಿಂದ ಗೊತ್ತಾದ ಅಂಕಿಗಳು. ಆಪಲ್ ಹೇಳುವುದು '20 ಗಂಟೆ ವಿಡಿಯೋ ನೋಡಬಹುದು' ಅಂತ ಮಾತ್ರ. ಬೈಕಿನ ಟ್ಯಾಂಕ್ ದೊಡ್ಡದಿದ್ದ ಮಾತ್ರಕ್ಕೆ ಮೈಲೇಜ್ ಜಾಸ್ತಿ ಅನ್ನಲು ಆಗುವುದಿಲ್ಲವಲ್ಲ, ಬ್ಯಾಟರಿಯೂ ಹಾಗೆಯೇ. ಐಫೋನ್‌ನ ಎ16 ಚಿಪ್ ಕಮ್ಮಿ ವಿದ್ಯುತ್ತಿನಲ್ಲಿ ಜಾಸ್ತಿ ಕೆಲಸ ಮಾಡುತ್ತದೆ. ಅದರಲ್ಲಿರುವುದು 6 ಕೋರ್ (ಚಿಪ್ ಒಳಗೆ ಲೆಕ್ಕ ಮಾಡುವ ಘಟಕ), ಪಿಕ್ಸೆಲ್‌ನ ಟೆನ್ಸರ್ ಜಿ3ಯಲ್ಲಿ 9, ಇಲ್ಲಿ ಬಿಡುಗಡೆಯಾದ ಎಸ್24ರ ಎಕ್ಸಿನೋಸ್ 2400ರಲ್ಲಿ 10. ಆದರೂ ಒಂದೊಂದೇ ಕೋರ್ ತೆಗೆದುಕೊಂಡರೆ ಈ ಮೂರರಲ್ಲಿ ವೇಗದ್ದು ಎ16. ನಿಮ್ಮ ಪ್ರಶ್ನೆಗೆ ಉತ್ತರದ ಒಂದು ಪಾಲು ಇಲ್ಲಿದೆ, ದುಡ್ಡು ಹೋಗುವುದು ಇಂಥದ್ದಕ್ಕೆ.

ಹಾಗಂತ ಅಂಕಿಗೆ ಬೆಲೆಯೇ ಇಲ್ಲ ಅಂತಲ್ಲ. ದಿನದ ಬಳಕೆಗೆ ಐಫೋನ್‌ಗೆ 6 ಜಿಬಿ ಧಾರಾಳ ಸಾಕು, ಹಿಂದೆ ಇರುವ ಆ್ಯಪ್‌ಗಳನ್ನು ಅದು ಬೇಗ ತಡೆದು ನಿಲ್ಲಿಸುತ್ತದೆ. ಆದರೆ 2024ರಲ್ಲಿ ಆಪಲ್ ತನ್ನ ಎಐ ಸೌಲಭ್ಯಗಳನ್ನು ತಂದಾಗ ಅವು 8 ಜಿಬಿ ಇರುವ 15 ಪ್ರೊಗೆ ಸಿಕ್ಕವು, 15ಕ್ಕೆ ಸಿಗಲಿಲ್ಲ. ಪರದೆಯ ವಿಷಯದಲ್ಲೂ ಹಾಗೆಯೇ. ಐಫೋನ್ 15ರದು 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಾಗುತ್ತದೆ), ಉಳಿದ ಎರಡರದು 120. ಅಂಗಡಿಯಲ್ಲಿ ಎರಡು ಫೋನ್ ಹಿಡಿದು ಕಾಂಟ್ಯಾಕ್ಟ್ ಪಟ್ಟಿಯನ್ನು ಜೋರಾಗಿ ಸರಿಸಿ ನೋಡಿ, ಕಣ್ಣಿಗೇ ಗೊತ್ತಾಗುತ್ತದೆ. ಈ ಬೆಲೆಯ ಫೋನ್‌ಗೆ 60 ಹರ್ಟ್ಸ್ ಕೊಟ್ಟಿದ್ದು ನನಗೆ ಒಪ್ಪಿಗೆಯಿಲ್ಲ.

ವಿಡಿಯೋ ತೆಗೆಯುತ್ತೀರಿ ಅಂದಿರಿ, ಹಾಗಾದರೆ ಯುಎಸ್‌ಬಿ ಬಗ್ಗೆಯೂ ಹೇಳಲೇಬೇಕು. ಮೂರರಲ್ಲೂ ಟೈಪ್-ಸಿ ಪೋರ್ಟ್ ಇದೆ, ನೋಡಲು ಒಂದೇ ಥರ. ಒಳಗೆ ಬೇರೆ. ಐಫೋನ್ 15ರದು ಹಳೆಯ ಯುಎಸ್‌ಬಿ 2, ಸೆಕೆಂಡಿಗೆ ಹೆಚ್ಚೆಂದರೆ 480 ಮೆಗಾಬಿಟ್. ಎಸ್24 ಮತ್ತು ಪಿಕ್ಸೆಲ್ 8ರದು ಯುಎಸ್‌ಬಿ 3.2, ಅದರ ಹತ್ತು ಪಟ್ಟಿಗೂ ಮೇಲೆ. ಐಫೋನ್‌ನಲ್ಲಿ 4ಕೆ, 60 ಫ್ರೇಮ್ ವಿಡಿಯೋ ನಿಮಿಷಕ್ಕೆ ಸುಮಾರು 400 ಎಂಬಿ ತಿನ್ನುತ್ತದೆ. ಒಂದು ಗಂಟೆಯ ಕಾರ್ಯಕ್ರಮ ಅಂದರೆ 24 ಜಿಬಿ. ಅದನ್ನು ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಹಾಕಲು ಐಫೋನ್ 15 ಏನೇ ಮಾಡಿದರೂ ಆರೇಳು ನಿಮಿಷಕ್ಕಿಂತ ಕಮ್ಮಿ ತೆಗೆದುಕೊಳ್ಳುವುದಿಲ್ಲ, ಸಾಮಾನ್ಯವಾಗಿ ಇನ್ನೂ ಜಾಸ್ತಿಯೇ. ಉಳಿದ ಎರಡರಲ್ಲಿ ಇದು ಬೇಗ ಮುಗಿಯುತ್ತದೆ, ಆದರೆ ಕೇಬಲ್ ಕೂಡ ಯುಎಸ್‌ಬಿ 3ರದ್ದೇ ಆಗಿರಬೇಕು. ಚಾರ್ಜಿಂಗ್‌ಗೆ ಸಿಗುವ ಕೇಬಲ್‌ಗಳಲ್ಲಿ ಬಹಳಷ್ಟು ಯುಎಸ್‌ಬಿ 2 ಆಗಿರುತ್ತವೆ. ಮೂರರಲ್ಲೂ ಮೆಮೊರಿ ಕಾರ್ಡ್ ಜಾಗ ಇಲ್ಲ, ಬಾಕ್ಸ್‌ನಲ್ಲಿ ಚಾರ್ಜರ್ ಕೂಡ ಇಲ್ಲ. ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಎಸ್24 ಅಥವಾ ಪಿಕ್ಸೆಲ್‌ಗಾದರೆ ಪಿಪಿಎಸ್ ಇರುವ ಪಿಡಿ ಚಾರ್ಜರ್ ಕೇಳಿ (ಎರಡೂ ವೇಗದ ಚಾರ್ಜಿಂಗ್ ವಿಧಾನಗಳ ಹೆಸರು), ಇಲ್ಲದಿದ್ದರೆ ಪೂರ್ತಿ ವೇಗ ಸಿಗುವುದಿಲ್ಲ.

ಸಿಮ್ ವಿಷಯ ಸರಳ. ಎಸ್24ರಲ್ಲಿ ಎರಡು ನ್ಯಾನೋ ಸಿಮ್ ಹಾಕಬಹುದು. ಐಫೋನ್ 15 ಮತ್ತು ಪಿಕ್ಸೆಲ್ 8ರಲ್ಲಿ ಒಂದು ನ್ಯಾನೋ ಸಿಮ್, ಎರಡನೆಯದನ್ನು ಇಸಿಮ್ (ಕಾರ್ಡ್ ಇಲ್ಲದೆ ಫೋನ್ ಒಳಗೇ ಇರುವ ಸಿಮ್) ಮಾಡಿಸಬೇಕು. ಫೋನ್ ಕೈಕೊಟ್ಟಾಗ ಸಿಮ್ ತೆಗೆದು ಮನೆಯ ಹಳೇ ಫೋನ್‌ಗೆ ಹಾಕಿಕೊಳ್ಳುವ ಅಭ್ಯಾಸ ನಿಮಗಿದ್ದರೆ ಇದು ಸಣ್ಣ ವಿಷಯವಲ್ಲ.

ನೀರಿನ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ. ಮೂರೂ ಐಪಿ68, ಅಂದರೆ ನೀರು, ಧೂಳು ತಡೆಯುವ ದರ್ಜೆಯವು. ಮಳೆಗೆ ಹೆದರಬೇಕಿಲ್ಲ. ಆದರೆ ಆ ಪರೀಕ್ಷೆ ಮಾಡುವುದು ಸಿಹಿನೀರಿನಲ್ಲಿ, ಹಾಗಾಗಿ ಮಲ್ಪೆಗೋ ಗೋಕರ್ಣಕ್ಕೋ ಹೋದಾಗ ಸಮುದ್ರಕ್ಕೆ ಇಳಿಸಬೇಡಿ. ನೀರು ಹೋಗಿ ಕೆಟ್ಟರೆ ಮಾಮೂಲಿ ವಾರಂಟಿಯಲ್ಲಿ ರಿಪೇರಿ ಸಿಗುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಎಸ್24 ತೆಗೆದುಕೊಳ್ಳುತ್ತಿದ್ದೆ. ಎರಡು ಸಿಮ್ ಮತ್ತು ವೇದಿಕೆಯ ಜೂಮ್, ನಿಮ್ಮ ಮೂರು ಅಗತ್ಯಗಳಲ್ಲಿ ಎರಡಕ್ಕೆ ಅದೇ ಸರಿ. 167 ಗ್ರಾಂ ಅಷ್ಟೇ ತೂಕ, ಒಂದೇ ಕೈಯಲ್ಲಿ ಹಿಡಿದು ವಿಡಿಯೋ ತೆಗೆಯಲು ಹಗುರ. ಸ್ಕೂಲ್ ಡೇ ವರ್ಷಕ್ಕೊಮ್ಮೆ, ಮನೆಯ ಫೋಟೋ ದಿನಾ ಅನ್ನುವುದಾದರೆ ಪಿಕ್ಸೆಲ್ 8 ನೋಡಿ, ಆದರೆ ನಿಮ್ಮ ಊರಿನ ಹತ್ತಿರ ಸರ್ವಿಸ್ ಸೆಂಟರ್ ಇದೆಯೇ ಅಂತ ಮೊದಲು ವಿಚಾರಿಸಿ. ಎರಡಕ್ಕೂ 7 ವರ್ಷದ ಅಪ್‌ಡೇಟ್ ಭರವಸೆ ಇದೆ. ಎಸ್24 ಅಂತ ತೀರ್ಮಾನಿಸಿದರೆ 128 ಜಿಬಿಯದು ಬೇಡ, 256 ಜಿಬಿಯದನ್ನೇ ಕೇಳಿ. ಜಾಗ ಜಾಸ್ತಿ ಅನ್ನುವುದಷ್ಟೇ ಅಲ್ಲ. 128ರಲ್ಲಿ ಹಾಕಿರುವ ಸ್ಟೋರೇಜ್ ಯುಎಫ್‌ಎಸ್ 3.1, 256ರಲ್ಲಿ ಇನ್ನೂ ವೇಗದ ಯುಎಫ್‌ಎಸ್ 4.0. ಬಾಕ್ಸ್ ಮೇಲೆ ಇದನ್ನು ಬರೆದಿರುವುದಿಲ್ಲ.